ಮಗಳಿಗೊಂದು ಪತ್ರ: ಹಾಲೂಡುವ ಕುರಿಯ ಹೆಜ್ಜೆಗೆ

ಪ್ರೀತಿಯ ಮಗಳೇ,

ಬೈಬಲಿನ ಮೊದಲ ಪುಸ್ತಕ ಆದಿಕಾಂಡ ಓದುತ್ತಿದ್ದೇನೆ, ಅಬ್ರಹಾಮ, ಮಗ ಇಸಾಕ, ಮೊಮ್ಮಗ ಯಾಕೋಬ ಇವರ ಮನೆತನ ಒಂದೂರಲ್ಲಿ ಯಾಕೆ ನಿಲ್ಲುವುದೇ ಇಲ್ಲ ಅಂತ ಕೇಳಿದ್ದೀಯಲ್ಲ, ಅದಕ್ಕೆ ಈ ಕಾಗದ. ಅಬ್ರಹಾಮನಿಂದ ಶುರು ಮಾಡುವುದು ವಾಡಿಕೆ. ನೀನು ಹಾಗೆ ಮಾಡಬೇಡ, ನೇರ 33ನೇ ಅಧ್ಯಾಯಕ್ಕೆ ಹೋಗು. ಇಪ್ಪತ್ತು ವರ್ಷ ಮುಖ ನೋಡದ ಅಣ್ಣ ಏಸಾವ, ತಮ್ಮ ಯಾಕೋಬ ಅಲ್ಲಿ ಎದುರಾಗುತ್ತಾರೆ. ಅಪ್ಪಿಕೊಂಡು ಅತ್ತದ್ದಾದ ಮೇಲೆ ಏಸಾವ, ನಡೆ, ಒಟ್ಟಿಗೆ ಹೋಗೋಣ ಅನ್ನುತ್ತಾನೆ. ಅವನ ಹಿಂದೆ 400 ಆಳುಗಳು. ಯಾಕೋಬ ಒಪ್ಪುವುದಿಲ್ಲ. ಮಕ್ಕಳು ಎಳೆಯವರು, ಕುರಿ ದನ ಹಾಲೂಡುತ್ತಿವೆ, ಒಂದೇ ಒಂದು ದಿನ ಅವಸರ ಮಾಡಿ ಹೊಡೆದರೂ ಮಂದೆಯೆಲ್ಲ ಸಾಯುತ್ತದೆ. ನೀನು ಮುಂದೆ ನಡೆ, ನಾನು ದನಕರುಗಳ ಹೆಜ್ಜೆಗೆ, ಮಕ್ಕಳ ಹೆಜ್ಜೆಗೆ ಮೆಲ್ಲಗೆ ಬರುತ್ತೇನೆ ಅನ್ನುತ್ತಾನೆ.

ಅಣ್ಣನ ಭಯಕ್ಕೆ ಹೇಳಿದ ನೆಪ ಅಂತಲೇ ಬಹಳ ಮಂದಿ ಇದನ್ನು ಓದುತ್ತಾರೆ. ಭಯ ಇದ್ದದ್ದು ನಿಜ, ಅಣ್ಣನ ಸೀಮೆ ಸೇಯೀರಿಗೆ ಬರುತ್ತೇನೆಂದವನು ಸುಕ್ಕೋತಿನ ಕಡೆ ತಿರುಗಿದ್ದೂ ನಿಜ. ಆದರೂ ಅವನು ಕೊಟ್ಟ ಕಾರಣವನ್ನು ಕುರಿ ಬಲ್ಲವರು ಯಾರೂ ತಳ್ಳಿಹಾಕಲಾರರು. ಕುರಿ ದಿನಕ್ಕೆ ಏಳೆಂಟು ತಾಸು ಮೇಯಬೇಕು, ಹೆಚ್ಚುಕಡಿಮೆ ಅಷ್ಟೇ ಹೊತ್ತು ಮೆಲುಕು ಹಾಕಬೇಕು. ಹೊಡೆದುಕೊಂಡು ಹೋದರೆ ಮೊದಲು ತಪ್ಪುವುದು ಮೇವು, ಮಲಗಲು ಬಿಡದಿದ್ದರೆ ಮೆಲುಕೂ ತಪ್ಪಿತು. ಹೊಟ್ಟೆಗೆ ಬೀಳದ ಬಾಣಂತಿ ಕುರಿಯ ಕೆಚ್ಚಲು ಬೇಗ ಬತ್ತುತ್ತದೆ. ಅದಕ್ಕೂ ಬೇಗ ಆಗುವ ಅನಾಹುತ ತಾಯಿ ಮರಿಗಳ ಅಗಲಿಕೆ. ಎಳೆಮರಿಯನ್ನು ತಾಯಿ ಗುರುತು ಹಿಡಿಯುವುದು ಮೂಸಿ. ಈದ ಮೊದಲ ಕೆಲವು ತಾಸಿನಲ್ಲಿ ಕೂಡಬೇಕಾದ ನಂಟು ಅದು. ಮಂದೆ ನುಗ್ಗಿ ನಡೆದರೆ ಮರಿ ಹಿಂದೆ ಬೀಳುತ್ತದೆ, ಸಿಕ್ಕ ಕೆಚ್ಚಲಿಗೆ ಬಾಯಿ ಹಾಕುತ್ತದೆ, ಆ ಕುರಿ ಬಾಲದ ಬುಡ ಮೂಸಿ ನೋಡಿ ತಲೆಯಿಂದ ಗುಮ್ಮುತ್ತದೆ. ಮೊದಲ ದಿನ ಗಿಣ್ಣುಹಾಲು ಸಿಗದ ಮರಿಗೆ ರೋಗ ತಡೆಯುವ ಶಕ್ತಿ ಬರುವುದಿಲ್ಲ. ಗಬ್ಬದ ಕುರಿ ಓಟಕ್ಕೆ ಕಂದು ಹಾಕುತ್ತದೆ. ಒಂದು ದಿನದ ಅವಸರಕ್ಕೆ ಒಂದು ವರ್ಷದ ಮರಿಗಳು ಹೋಗುತ್ತವೆ ಅಂದರೆ ಉತ್ಪ್ರೇಕ್ಷೆಯಲ್ಲ.

ಇದನ್ನು ಮನಸ್ಸಲ್ಲಿಟ್ಟುಕೊಂಡು ಎರಡು ಅಧ್ಯಾಯ ಹಿಂದಕ್ಕೆ ಬಾ. ಮಾವ ಲಾಬಾನ ಉಣ್ಣೆ ಕತ್ತರಿಸಲು ಹೋದ ಹೊತ್ತು ನೋಡಿ ಯಾಕೋಬ ಖಾರಾನಿನ ಕಡೆಯಿಂದ ತಪ್ಪಿಸಿಕೊಂಡು ಹೊರಡುತ್ತಾನೆ. ಮೂರನೇ ದಿನ ಲಾಬಾನನಿಗೆ ಸುದ್ದಿ, ಏಳು ದಿನ ಬೆನ್ನಟ್ಟಿ ಗಿಲ್ಯಾದ್ ಬೆಟ್ಟದಲ್ಲಿ ಹಿಡಿಯುತ್ತಾನೆ. ಖಾರಾನಿನಿಂದ ಗಿಲ್ಯಾದಿಗೆ ನೇರ ಅಳೆದರೂ 500 ಕಿ.ಮೀ. ಮೇಲೆ. ಹತ್ತು ದಿನದಲ್ಲಿ ಅಷ್ಟು ದೂರ ಅಂದರೆ ದಿನಕ್ಕೆ 50 ಕಿ.ಮೀ. ಮೇಯುತ್ತ ಸಾಗುವ ಮಂದೆ ಹತ್ತು ಹನ್ನೆರಡು ನಡೆದರೆ ಹೆಚ್ಚು, ಮರಿಗಳಿದ್ದರೆ ಅದೂ ಇಲ್ಲ. ಇಲ್ಲಿನ ಏಳು ದಿನ ಕತೆಯ ಲೆಕ್ಕವೇ ಹೊರತು ಕುರಿಗಾಹಿಯ ಲೆಕ್ಕವಲ್ಲ ಅಂತಲೇ ನಾನು ತಿಳಿಯುತ್ತೇನೆ. ದೂರ ಎಷ್ಟೇ ಇರಲಿ, ಆ ಮಂದೆ ಆಗಲೇ ಬೆದರಿ ಬಳಲಿ ಬಂದದ್ದು. ಹಾಗಾಗಿಯೇ ಮುಂದೆ ಸುಕ್ಕೋತಿನಲ್ಲಿ ಯಾಕೋಬ ತನಗೆ ಮನೆ ಕಟ್ಟಿಕೊಂಡು ದನಕರುಗಳಿಗೆ ಹಂದರ ಹಾಕುತ್ತಾನೆ. ಆ ಊರಿನ ಹೆಸರಿನ ಅರ್ಥವೇ ಹಂದರಗಳು.

ನಡುವೆ, 32ನೇ ಅಧ್ಯಾಯದಲ್ಲಿ, ಅಣ್ಣನಿಗೆ ಮುಂಚಿತವಾಗಿ ಕಳಿಸಿದ ಕಾಣಿಕೆಯ ಪಟ್ಟಿ ಇದೆ. ಅದನ್ನು ಹಾರಿಸಿ ಓದಬೇಡ. 200 ಮೇಕೆ, 20 ಹೋತ. 200 ಕುರಿ, 20 ಟಗರು. ಮರಿಗಳ ಸಮೇತ ಹಾಲು ಕರೆಯುವ 30 ಒಂಟೆ. 40 ಹಸು, 10 ಹೋರಿ. 20 ಹೆಣ್ಣುಕತ್ತೆ, 10 ಗಂಡುಕತ್ತೆ. ಒಂಟೆಮರಿ ಬಿಟ್ಟು 550. ಹತ್ತು ಕುರಿಗೆ ಒಂದು ಟಗರು. ಬಲಿತ ಟಗರು ಒಂದಿದ್ದರೆ ಇಪ್ಪತ್ತೈದು ಮೂವತ್ತು ಕುರಿಗೆ ಸಾಕು, ಹಾಗಾಗಿ ಹತ್ತಕ್ಕೊಂದು ಧಾರಾಳವೇ. ಅಂದರೆ ಹೋದ ಜಾಗದಲ್ಲಿ ಮಾರನೇ ವರ್ಷವೇ ಬೆಳೆಯಬಲ್ಲ ಮಂದೆಯನ್ನು ಅವನು ಕೊಟ್ಟ. ಒಂದೊಂದು ಜಾತಿಯನ್ನೂ ಬೇರೆ ಆಳಿನ ಕೈಗಿಟ್ಟು ಹಿಂಡು ಹಿಂಡಿನ ನಡುವೆ ತೆರಪು ಬಿಡಿ ಅನ್ನುತ್ತಾನೆ. ಅಲೆಅಲೆಯಾಗಿ ಬಂದ ಕಾಣಿಕೆಗೆ ಅಣ್ಣನ ಮನಸ್ಸು ಕರಗಲಿ ಅನ್ನುವುದು ಅವನ ಉದ್ದೇಶ. ಮೇವಿಗೆ, ನೀರಿಗೆ ಮುಕುರಿಕೊಳ್ಳದ ಹಾಗೆ ಮಂದೆ ಸಾಗಿಸುವ ಕ್ರಮವೂ ಅದೇ.

ಈಗ ನಿನ್ನ ಪ್ರಶ್ನೆ. ಯಾಕೆ ನಿಲ್ಲುವುದಿಲ್ಲ? ಮಳೆಯನ್ನು ನೋಡು. ಅವರು ಅಲೆದ ಕಾನಾನಿಗೆ, ಅಂದರೆ ಇಂದಿನ ಇಸ್ರೇಲ್, ಪ್ಯಾಲೆಸ್ಟೈನ್ ಸೀಮೆಗೆ, ಮಳೆ ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ, ಬೇಸಿಗೆಯಲ್ಲಿ ಹನಿಯೂ ಇಲ್ಲ. ಹೆಬ್ರೋನಿನ ಬೆಟ್ಟ ಸಮುದ್ರಮಟ್ಟಕ್ಕಿಂತ 900 ಮೀಟರ್ ಎತ್ತರ. ಅಲ್ಲಿಂದ ನೇರ ಪೂರ್ವಕ್ಕೆ 30 ಕಿ.ಮೀ. ಒಳಗೆ ಲವಣ ಸಮುದ್ರ (ಮೃತ ಸಮುದ್ರ), ಅದು ಸಮುದ್ರಮಟ್ಟಕ್ಕಿಂತ 400 ಮೀಟರಿಗೂ ಕೆಳಗೆ. ಮೇಲೆ ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆಯಾದರೆ ಕೆಳಗೆ 100 ಕೂಡ ಇಲ್ಲ. ದಕ್ಷಿಣಕ್ಕೆ ಬೇರ್ಷೆಬದಲ್ಲಿ 200ರ ಸುತ್ತಮುತ್ತ, ಬರೀ ಮಳೆ ನೆಚ್ಚಿ ಬಿತ್ತುವವರಿಗೆ ಅದು ಅಂಚು. ಚಳಿಗಾಲದಲ್ಲಿ ಮೇಲೆ ಬೆಟ್ಟದಲ್ಲಿ ಕೊರೆವ ಗಾಳಿ, ಕೆಳಗಿನ ಇಳಿಜಾರಿನಲ್ಲಿ ಬೆಚ್ಚಗಿನ ಬಿಸಿಲು, ಮೊಣಕಾಲುದ್ದವೂ ಬೆಳೆಯದ ಎಳೆಹುಲ್ಲು. ಆ ಹುಲ್ಲಲ್ಲೇ ಸಾಕಷ್ಟು ನೀರಿರುವುದರಿಂದ ಬಾವಿಯ ಚಿಂತೆ ಕಡಿಮೆ. ಕುರಿ ಗಬ್ಬ ಹೊರುವುದು ಐದು ತಿಂಗಳು. ಬೇಸಿಗೆಯಲ್ಲಿ ಟಗರು ಕೂಡಿದರೆ ಮರಿ ಬೀಳುವುದು ಸರಿಯಾಗಿ ಈ ಹಸಿರಿನ ಹೊತ್ತಿಗೆ. ಏಪ್ರಿಲ್ ದಾಟಿದರೆ ಹುಲ್ಲು ಸುಟ್ಟಂತಾಗುತ್ತದೆ, ಆಗ ಮೇಲಕ್ಕೆ ಏರಬೇಕು, ಕೊಯ್ಲಾದ ಹೊಲದ ಕೂಳೆಗೆ ಬಿಡಬೇಕು. ಬೇಸಾಯದವನಿಗೆ ಗೊಬ್ಬರ, ಕುರಿಗೆ ಮೇವು. ಆದರೆ ಅದಕ್ಕೆ ಮೊದಲೇ ಮಾತುಕತೆ ಆಗಿರಬೇಕು, ಹೊಲ ಖಾಲಿಯಾಗುವ ಮುಂಚೆ ಮಂದೆ ನುಗ್ಗಿದರೆ ಜಗಳ ಖಂಡಿತ. ಬೇರೆಯವನ ಹೊಲಕ್ಕೆ ದನ ಬಿಟ್ಟು ಮೇಯಿಸಿದವನು ತನ್ನ ಹೊಲದ ಒಳ್ಳೆಯ ಬೆಳೆಯಿಂದಲೇ ನಷ್ಟ ತುಂಬಬೇಕು ಅಂತ ಬೈಬಲಿನ ಎರಡನೇ ಪುಸ್ತಕ ವಿಮೋಚನಕಾಂಡದಲ್ಲಿ ಕಟ್ಟಳೆಯಿದೆ.

ಯಾಕೋಬನ ಮಗ ಯೋಸೇಫನ ಕತೆಯನ್ನೂ ಈ ಕಣ್ಣಿನಿಂದ ಓದು. ಅಪ್ಪ ಹೆಬ್ರೋನಿನ ತಗ್ಗಿನಲ್ಲಿ, ಅಣ್ಣಂದಿರು 75 ಕಿ.ಮೀ. ಉತ್ತರಕ್ಕೆ ಶೆಕೆಮಿನಲ್ಲಿ. ಹುಡುಗ ಅಲ್ಲಿಗೆ ಹೋದರೆ ಅವರು ಇನ್ನೂ ಇಪ್ಪತ್ತು ಚಿಲ್ಲರೆ ಕಿ.ಮೀ. ದಾಟಿ ದೋತಾನಿಗೆ ಹೋಗಿದ್ದಾರೆ. ಮನೆಯವರಿಗೆ ತಿಳಿಸದೆ ಜಾಗ ಬದಲಿಸಿದ್ದರಲ್ಲಿ ವಿಶೇಷವೇನಿಲ್ಲ, ಮೇವು ಮುಗಿದರೆ ಮಂದೆ ಕಾಯುವುದಿಲ್ಲ. ಹೊಟ್ಟೆಕಿಚ್ಚಿಗೆ ಅಣ್ಣಂದಿರು ಅವನನ್ನು ತಳ್ಳಿದ ಗುಂಡಿಯಲ್ಲಿ ನೀರಿರಲಿಲ್ಲ ಅಂತ ಬರೆದಿದೆ. ಮಳೆನೀರು ಹಿಡಿದಿಡುವ ಗುಂಡಿ ಬತ್ತಿದೆ ಅಂದರೆ ಬೇಸಿಗೆಯ ಕೊನೆ ಇರಬೇಕು. ಬೆಟ್ಟದ ನಾಡಿನಿಂದ ಅಷ್ಟು ದೂರ, ಹಸನಾದ ಬಯಲಿನ ದೋತಾನಿಗೆ ಹೋಗಬೇಕಾದ ಹೊತ್ತೂ ಅದೇ.

ಹೀಬ್ರೂವಿನಲ್ಲಿ ಬಾವಿಗೆ ಬೆಎರ್, ಮಳೆನೀರಿನ ಗುಂಡಿಗೆ ಬೋರ್. ಎರಡನ್ನೂ ಬೆರೆಸಬೇಡ. ಬೆಎರ್ ಊಟೆ ಸಿಗುವವರೆಗೆ ಅಗೆದದ್ದು, ಅದು ಬೇಸಿಗೆಗೂ ಒದಗುತ್ತದೆ. ಅದಕ್ಕೇ ಜಗಳವೆಲ್ಲ ಅದರ ಸುತ್ತ. ಅಬ್ರಹಾಮನ ಕಾಲದಲ್ಲಿ ತೋಡಿದ ಬಾವಿಗಳನ್ನು ನೆರೆಯ ಫಿಲಿಷ್ಟಿಯರು ಮಣ್ಣು ತುಂಬಿ ಮುಚ್ಚಿಹಾಕುತ್ತಾರೆ. ಬಾವಿ ಮುಚ್ಚಿದರೆ ಆ ಸುತ್ತಿನ ಬೇಸಿಗೆ ಹುಲ್ಲು ಇದ್ದೂ ಇಲ್ಲದ ಹಾಗೆ, ನೀರಿಲ್ಲದ ಕಡೆ ಮಂದೆ ನಿಲ್ಲದು. ಮಗ ಇಸಾಕ ಅವನ್ನು ಮತ್ತೆ ತೋಡಿಸುತ್ತಾನೆ, ಹೊಸದನ್ನೂ ಅಗೆಸುತ್ತಾನೆ. ಮೊದಲನೆಯದಕ್ಕೆ ಜಗಳ, ಹೆಸರು ಏಸೆಕ್, ಅಂದರೆ ಜಗಳವೇ. ಎರಡನೆಯದಕ್ಕೂ ತಂಟೆ, ಸಿಟ್ನಾ, ಹಗೆ. ಮೂರನೆಯದಕ್ಕೆ ಯಾರೂ ಬರಲಿಲ್ಲ, ರೆಹೋಬೋತ್, ವಿಶಾಲವಾದ ಜಾಗ. ಬಡಿದಾಡುವ ಬದಲು ಗುಡಾರ ಕಿತ್ತು ಮುಂದೆ ಹೋಗುವುದು ಈ ಮನೆತನದ ದಾರಿ. ಅಬ್ರಹಾಮ ತನ್ನ ಸಹೋದರನ ಮಗ ಲೋಟನ ಜೊತೆ ಮಾಡಿದ್ದೂ ಅದೇ. ಇಬ್ಬರ ಮಂದೆಗೂ ಒಂದೇ ನೆಲ ಸಾಲದೆ ಕುರುಬರು ಕಚ್ಚಾಡಿದಾಗ ಹಿರಿಯನಾದವನೇ ಕಿರಿಯನಿಗೆ ಆಯ್ಕೆ ಬಿಟ್ಟುಕೊಟ್ಟ: ನೀನು ಎಡಕ್ಕಾದರೆ ನಾನು ಬಲಕ್ಕೆ. ಹೊರಟರು ಅಂತ ನಾವು ಓದುವ ಹೀಬ್ರೂ ಕ್ರಿಯಾಪದದ ಮೂಲಾರ್ಥ ಗೂಟ ಕೀಳುವುದು.

29ನೇ ಅಧ್ಯಾಯದಲ್ಲಿ ಯಾಕೋಬ ಮಾವನ ಸೀಮೆಗೆ ಬಂದಾಗ ಕಂಡ ಬಾವಿಯ ಬಾಯಿಗೆ ದೊಡ್ಡ ಕಲ್ಲು ಮುಚ್ಚಿದೆ, ಮೂರು ಮಂದೆಗಳು ಪಕ್ಕದಲ್ಲಿ ಮಲಗಿವೆ. ಇನ್ನೂ ಹೊತ್ತಿದೆ, ನೀರು ಕುಡಿಸಿ ಮೇಯಿಸಿಕೊಂಡು ಹೋಗಿ ಅಂತ ಯಾಕೋಬ ಅಂದರೆ, ಎಲ್ಲ ಮಂದೆಗಳೂ ಕೂಡುವ ತನಕ ಕಲ್ಲು ಉರುಳಿಸುವ ಹಾಗಿಲ್ಲ ಅನ್ನುತ್ತಾರೆ ಅಲ್ಲಿನ ಕುರುಬರು. ಆ ಕಲ್ಲಿನ ಕೆಲಸ ಒಂದೆರಡಲ್ಲ. ಧೂಳು, ಕಸ ಬೀಳದ ಹಾಗೆ ತಡೆಯುತ್ತದೆ. ಮರಿ ಬಿದ್ದು ನೀರು ಕೆಡದ ಹಾಗೆ ಕಾಯುತ್ತದೆ. ಗುಂಡಿ ತೆರೆದು ಮುಚ್ಚದೆ ಬಿಟ್ಟವನು ಅದರಲ್ಲಿ ಬಿದ್ದ ಎತ್ತಿಗೋ ಕತ್ತೆಗೋ ಬೆಲೆ ಕೊಡಬೇಕೆಂಬ ಕಟ್ಟಳೆಯೂ ಇದೆ. ಎಲ್ಲಕ್ಕಿಂತ ಹೆಚ್ಚಾಗಿ, ಒಬ್ಬನಿಂದ ಸರಿಯದ ಕಲ್ಲು ಇದ್ದರೆ ಒಬ್ಬನೇ ಕದ್ದು ನೀರೆಳೆಯಲಾರ. ಬೀಗದ ಕೈ ನಾಲ್ಕು ಜನರ ತೋಳಿನಲ್ಲಿದೆ.

ಅಲ್ಲಿಗೆ ಅಪ್ಪನ ಕುರಿ ಹೊಡೆದುಕೊಂಡು ಬರುವವಳು ಲಾಬಾನನ ಮಗಳು ರಾಹೇಲ. ರಾಹೇಲ್ ಅಂದರೆ ಹೆಣ್ಣುಕುರಿ. ಕುರಿ ಕಾಯುವವಳು ಅಂತಲೇ ಪಠ್ಯ ಅವಳನ್ನು ಕರೆಯುತ್ತದೆ. ವಿಮೋಚನಕಾಂಡದಲ್ಲಿ ಮಿದ್ಯಾನ್ ನಾಡಿನ ಯಾಜಕನ (ಪೂಜಾರಿಯ) ಏಳು ಹೆಣ್ಣುಮಕ್ಕಳು ಇನ್ನೊಂದು ಬಾವಿಯಲ್ಲಿ ನೀರು ಸೇದಿ ದೋಣಿ ತುಂಬುತ್ತಾರೆ, ಗಂಡಸು ಕುರುಬರು ಬಂದು ಓಡಿಸುತ್ತಾರೆ. ಸೇದಿದ ಕೈ ಇವರದ್ದು, ಕುಡಿಯುವುದು ಅವರ ಕುರಿ. ಮುಂದೆ ಇಸ್ರಾಯೇಲರ ನಾಯಕನಾಗುವ ಮೋಶೆ ಅಡ್ಡ ನಿಂತ ದಿನ ಅಪ್ಪ, ಇವತ್ತು ಇಷ್ಟು ಬೇಗ ಹೇಗೆ ಬಂದಿರಿ ಅಂತ ಕೇಳುತ್ತಾನೆ. ಆ ಒಂದು ಪ್ರಶ್ನೆಯಲ್ಲಿ ದಿನದಿನದ ಅನ್ಯಾಯ ಪೂರ್ತಿ ಇದೆ, ಗಮನಿಸಿದೆಯಾ? ಯಾಕೋಬನ ತಾಯಿ ರೆಬೆಕ್ಕ ಹುಡುಗಿಯಾಗಿದ್ದಾಗ ಮಾಡಿದ ಕೆಲಸವನ್ನೂ ಲೆಕ್ಕ ಹಾಕು. ಬಾಯಾರಿದ ಒಂಟೆ ಒಂದು ಸಲಕ್ಕೆ 100 ಲೀಟರ್ ಕುಡಿಯಬಲ್ಲದು. ಇಸಾಕನಿಗೆ ಹೆಣ್ಣು ಹುಡುಕುತ್ತ ಅವಳ ಊರಿಗೆ ಬಂದ ಅಬ್ರಹಾಮನ ಸೇವಕನ ಒಂಟೆಗಳು ಹತ್ತು. ಭುಜದ ಮೇಲಿನ ಕೊಡ ಹತ್ತು ಲೀಟರಿನದಾದರೆ, ಒಂಟೆಗಳು ಅರ್ಧ ಮಾತ್ರ ಬಾಯಾರಿದ್ದರೂ ಒರತೆಗೆ ಇಳಿದು ಹತ್ತುವುದು ಐವತ್ತು ಸಲ. ಕೇಳದೆಯೇ ಆ ಕೆಲಸ ಒಪ್ಪಿಕೊಂಡ ಹುಡುಗಿ ಅವಳು. (ಈ ಒಂಟೆಗಳ ಬಗ್ಗೆ ವಿದ್ವಾಂಸರಲ್ಲಿ ವಾದವಿದೆ. ಅರಾಬಾ ತಗ್ಗಿನ ತಾಮ್ರದ ಗಣಿಗಳಲ್ಲಿ ಸಾಕಿದ ಒಂಟೆಯ ಮೂಳೆ ರಾಶಿಯಾಗಿ ಸಿಗುವುದು ಕ್ರಿ.ಪೂ. 10ನೇ ಶತಮಾನದಿಂದೀಚೆಗೆ. ಅದಕ್ಕೆ ಮೊದಲು ಹೇರು ಹೊತ್ತದ್ದು ಮುಖ್ಯವಾಗಿ ಕತ್ತೆ.)

ಗುಡಾರದ ಬಟ್ಟೆಯೂ ಹೆಂಗಸರ ಕೈಕೆಲಸ. ಮೋಶೆಯ ಕಾಲದಲ್ಲಿ ದೇವರ ಆರಾಧನೆಗೆಂದು ಹೂಡಿದ ದೇವದರ್ಶನದ ಗುಡಾರಕ್ಕೆ ಮೇಕೆಕೂದಲನ್ನು ನೂತವರು ಹೆಂಗಸರೇ ಎಂದು ಬರೆದಿದೆ. ಅಳತೆಯೂ ಇದೆ: 11 ಪಟ್ಟಿ, ಒಂದೊಂದು 30 ಮೊಳ ಉದ್ದ, 4 ಮೊಳ ಅಗಲ, ಅಂದರೆ ಸುಮಾರು ಹದಿಮೂರೂವರೆ ಮೀಟರಿಗೆ ಒಂದೂ ಮುಕ್ಕಾಲು ಮೀಟರ್. ಮೇಕೆಕೂದಲಿನ ನೇಯ್ಗೆ ಬಿಸಿಲಲ್ಲಿ ಸಡಿಲವಾಗಿ ಗಾಳಿ ಬಿಡುತ್ತದೆ, ಮಳೆಗೆ ನೆನೆದು ಉಬ್ಬಿ ತೂತು ಮುಚ್ಚಿಕೊಳ್ಳುತ್ತದೆ. ಅದಕ್ಕೇ ಮೊದಲ ಮಳೆ ಸ್ವಲ್ಪ ಸೋರುತ್ತದೆ, ಆಮೇಲೆ ನಿಲ್ಲುತ್ತದೆ. ಅರಸರಿಗಿಂತ ಮೊದಲಿನ ನ್ಯಾಯಸ್ಥಾಪಕರ ಕಾಲದಲ್ಲಿ, ತನ್ನ ಗುಡಾರದಲ್ಲಿ ಮಲಗಿದ್ದ ಶತ್ರು ಸೇನಾಪತಿಯ ತಲೆಗೆ ಗೂಟ ಹೊಡೆದು ಕೊಂದ ಯಾಯೇಲಳ ಕೈಗೆ ಗೂಟ, ಕೊಡತಿ ಅಷ್ಟು ಸಲೀಸಾಗಿ ಸಿಕ್ಕಿದ್ದು, ಗುಡಾರ ಹೂಡುವುದು ಅವಳ ನಿತ್ಯದ ಕೆಲಸವಾದ್ದರಿಂದ ಅಂತ ನನಗನ್ನಿಸುತ್ತದೆ.

ಕೂಲಿಯ ವಿಷಯಕ್ಕೆ ಬರುತ್ತೇನೆ, ಇದು ನಿನಗೆ ಹಿಡಿಸುವ ಭಾಗ. ಬಾಬಿಲೋನಿನ ಹಮ್ಮುರಾಬಿಯ ಕಟ್ಟಳೆಗಳ ಕಲ್ಲು 1901ರಲ್ಲಿ ಸೂಸಾದಲ್ಲಿ ಸಿಕ್ಕಿತು. ಅದರ ಪ್ರಕಾರ ದೊಡ್ಡಿಗೆ ಸಿಂಹ ನುಗ್ಗಿ ಕೊಂದರೆ ಕುರುಬ ಪ್ರಮಾಣ ಮಾಡಿ ಪಾರಾಗುತ್ತಾನೆ, ನಷ್ಟ ಒಡೆಯನದು. ಕುರುಬನ ಅಲಕ್ಷ್ಯದಿಂದ ಮಂದೆಗೆ ರೋಗ ಹತ್ತಿದರೆ ಅವನೇ ತುಂಬಿಕೊಡಬೇಕು. ವಿಮೋಚನಕಾಂಡದ ಕಟ್ಟಳೆಯೂ ಇದಕ್ಕೆ ಹತ್ತಿರ: ಕಳವಾದರೆ ಕಾಯುವವನು ಕೊಡಬೇಕು, ಮೃಗ ಹರಿದು ತಿಂದರೆ ಉಳಿದ ತುಂಡು ತಂದು ಸಾಕ್ಷಿ ತೋರಿಸಿದರೆ ಸಾಕು. ಸಿಂಹದ ಬಾಯಿಂದ ಎರಡು ಕಾಲೋ ಕಿವಿಯ ಚೂರೋ ಕಿತ್ತು ತರುವ ಕುರುಬನ ಮಾತು ಪ್ರವಾದಿ ಆಮೋಸನ ಪುಸ್ತಕದಲ್ಲಿ ಬರುತ್ತದಲ್ಲ, ಆ ಕಿವಿಯ ಚೂರು ಈ ಸಾಕ್ಷಿಯೇ. ಆಮೋಸ ತೆಕೋವದ ಕುರಿಗಾರ, ಅವನಿಗಿದು ಗೊತ್ತು. ಈಗ ಮಾವ ಲಾಬಾನನ ಮಂದೆ ಕಾಯ್ದ ಯಾಕೋಬ ಅವನಿಗೆ ಹೇಳಿದ ದೂರು ಕೇಳು: ಮೃಗ ಹರಿದದ್ದನ್ನು ನಿನಗೆ ತಂದು ತೋರಿಸಲಿಲ್ಲ, ನಾನೇ ನಷ್ಟ ಹೊತ್ತೆ, ಹಗಲು ಕದ್ದರೂ ರಾತ್ರಿ ಕದ್ದರೂ ನನ್ನಿಂದಲೇ ವಸೂಲಿ ಮಾಡಿದೆ, ಹಗಲು ಬಿಸಿಲು, ರಾತ್ರಿ ಚಳಿ, ಕಣ್ಣಿಗೆ ನಿದ್ದೆಯಿಲ್ಲ, ಕೂಲಿಯನ್ನು ಹತ್ತು ಸಲ ಬದಲಿಸಿದೆ. ಆ ಸೀಮೆಯ ಪದ್ಧತಿಯಲ್ಲಿ ಕೇಳಬಾರದ್ದನ್ನು ಮಾವ ಕೇಳಿದ ಅನ್ನುವುದೇ ಈ ದೂರಿನ ತಿರುಳು. ಬರೀ ಗೋಳು ಅಂತ ಓದಿದರೆ ಅದರ ಮೊನಚು ತಪ್ಪುತ್ತದೆ. ಕೂಲಿಯಾಗಿ ಮಚ್ಚೆಮರಿಗಳನ್ನು ಪಡೆಯುವ 30ನೇ ಅಧ್ಯಾಯದ ಒಪ್ಪಂದವೂ ಹಾಗೆಯೇ. ಕುರಿ ಸಾಮಾನ್ಯವಾಗಿ ಬಿಳಿ, ಮೇಕೆ ಕಪ್ಪು. ಅಪರೂಪದ ಕಪ್ಪು ಕುರಿ, ಮಚ್ಚೆಯ ಮೇಕೆ ನನಗಿರಲಿ ಎಂದರೆ ಎಣಿಸುವಾಗ ತಕರಾರೇ ಬರದು. ಮಚ್ಚೆಮರಿ ಹುಟ್ಟಲೆಂದು ಅವನು ಕೂಡುವ ಮಂದೆಯ ಮುಂದೆ ಸಿಪ್ಪೆ ಸುಲಿದ ಕೋಲು ಇಟ್ಟ ಅಂತಿದೆ, ಕೋಲು ನೋಡಿ ಮರಿಗೆ ಮಚ್ಚೆ ಬರುವುದಿಲ್ಲ. ಬಲಿಷ್ಠವಾದವು ಕೂಡುವಾಗ ಮಾತ್ರ ಕೋಲು ಇಟ್ಟ ಎಂಬ ಮಾತು ಅದೇ ಅಧ್ಯಾಯದಲ್ಲಿದೆ, ಕೆಲಸ ಮಾಡಿದ್ದು ಆ ಆಯ್ಕೆಯೇ ಇರಬೇಕು.

ಎಣಿಸುವ ಕ್ರಮ ಯೆಹೂದಿಗಳ ಹಳೆಯ ಕಟ್ಟಳೆಗಳ ಸಂಗ್ರಹ ಮಿಷ್ನಾದಲ್ಲಿದೆ. ಒಟ್ಟಿಗೆ ಎರಡು ಹೊರಬರಲಾಗದಷ್ಟು ಕಿರಿದಾದ ಬಾಗಿಲು, ಕೈಯಲ್ಲಿ ಕೋಲು, ಒಂದರಿಂದ ಒಂಬತ್ತರ ತನಕ ಎಣಿಕೆ, ಹತ್ತನೆಯದಕ್ಕೆ ಕೆಂಪು ಗುರುತು. ಕೋಲಿನಡಿ ಹಾಯುವ ಹತ್ತನೆಯದು ದೇವರಿಗೆ ಅನ್ನುವ ಯಾಜಕಕಾಂಡದ ಮಾತು ಹೀಗೆ ಆಚರಣೆಗೆ ಬಂತು. ಒಳ್ಳೆಯದೋ ಕೆಟ್ಟದ್ದೋ ಆರಿಸುವ ಹಾಗಿಲ್ಲ, ಸರದಿಗೆ ಬಂದದ್ದೇ.

ಬರ ಬಂದರೆ ದಾರಿ ಐಗುಪ್ತಕ್ಕೆ (ಈಜಿಪ್ಟಿಗೆ), ಯಾಕೆಂದರೆ ನೈಲ್ ನದಿ ಕಾನಾನಿನ ಮಳೆಯನ್ನು ನೆಚ್ಚಿಲ್ಲ. ಅಲ್ಲಿನ ಬೆನಿ ಹಸನ್‌ನ ಖ್ನುಮ್‌ಹೋಟೆಪನ ಸಮಾಧಿಯ ಗೋಡೆಯ ಮೇಲೆ ಕ್ರಿ.ಪೂ. 1890ರ ಸುಮಾರಿನ ಚಿತ್ರವಿದೆ. ಏಷ್ಯಾ ಕಡೆಯ 37 ಜನ ಎಂದು ಬರಹ. ಬಣ್ಣಬಣ್ಣದ ಬಟ್ಟೆಯ ಗಂಡಸರು, ಹೆಂಗಸರು, ಕತ್ತೆಯ ಮೇಲಿನ ಹೇರಿನಲ್ಲಿ ಕೂತ ಇಬ್ಬರು ಮಕ್ಕಳು. ಅವರು ಯಾಕೋಬನ ಮನೆಯವರಲ್ಲ, ಕಣ್ಣಿಗೆ ಹಚ್ಚುವ ಕಪ್ಪು ತಂದವರು. ಆದರೂ ಸಂಸಾರ ಸಮೇತ ಹೋಗುವುದು ಹೇಗೆ ಕಾಣುತ್ತಿತ್ತು ಅನ್ನುವುದಕ್ಕೆ ಆ ಕತ್ತೆಯ ಬೆನ್ನು ಸಾಕು. ಕ್ರಿ.ಪೂ. 13ನೇ ಶತಮಾನದ ಕೊನೆಯ ಪಪೈರಸ್ ಒಂದರಲ್ಲಿ, ಎದೋಮಿನ ಕುರಿಗಾಹಿ ಕುಲಗಳನ್ನು ಗಡಿಕೋಟೆ ದಾಟಿಸಿ ಪಿತೋಮಿನ ಕೊಳಗಳಿಗೆ ಬಿಟ್ಟೆವು, ಅವರೂ ಅವರ ಮಂದೆಗಳೂ ಬದುಕಿಕೊಳ್ಳಲೆಂದು, ಅಂತ ಅಧಿಕಾರಿಯೊಬ್ಬ ವರದಿ ಮಾಡಿದ್ದಾನೆ. ಆದಿಕಾಂಡದಲ್ಲಿ ಯಾಕೋಬನ ಮನೆಯ 70 ಜನ ಐಗುಪ್ತದ ಗೋಷೆನಿಗೆ ಇಳಿದದ್ದು ಇಂಥದ್ದೇ ದಾರಿಯಲ್ಲಿ. ಐಗುಪ್ತದ ಅರಸ ಫರೋಹ ಬಂಡಿ ಕಳಿಸುತ್ತಾನೆ, ಯಾರಿಗೆ? ಮಕ್ಕಳಿಗೆ, ಹೆಂಗಸರಿಗೆ, ಮುದುಕ ಅಪ್ಪನಿಗೆ.

ಮುಂದೆ ಮೋಶೆಯ ಜೊತೆ ಐಗುಪ್ತ ಬಿಟ್ಟು ಹೊರಡುವಾಗಿನ ಚೌಕಾಸಿಯಂತೂ ಎರಡೆರಡು ಸಲ ಓದಬೇಕಾದದ್ದು. ಗಂಡಸರು ಮಾತ್ರ ಹೋಗಿ ಅನ್ನುತ್ತಾನೆ ಇನ್ನೊಬ್ಬ ಫರೋಹ. ಮೋಶೆ ಒಪ್ಪದಿದ್ದಾಗ, ಮಕ್ಕಳನ್ನೂ ಕರೆದುಕೊಂಡು ಹೋಗಿ, ಕುರಿದನ ಇಲ್ಲಿರಲಿ ಅನ್ನುತ್ತಾನೆ. ಒಂದು ಗೊರಸೂ ಹಿಂದೆ ಉಳಿಯಬಾರದು ಅಂತ ಮೋಶೆಯ ಉತ್ತರ. ಮಕ್ಕಳನ್ನೋ ಮಂದೆಯನ್ನೋ ಒತ್ತೆಯಿಟ್ಟು ಹೋದವರು ಮರಳಲೇಬೇಕು, ಅದು ಇಬ್ಬರಿಗೂ ಗೊತ್ತು. ಮುಂದೆ ಯೊರ್ದನಿನ ದಡದಲ್ಲಿ ರೂಬೇನ್, ಗಾದ್ ಕುಲದವರು ಮೋಶೆಯ ಹತ್ತಿರ, ಇಲ್ಲಿ ಕುರಿಗಳಿಗೆ ದೊಡ್ಡಿ ಕಟ್ಟುತ್ತೇವೆ, ಮಕ್ಕಳಿಗೆ ಊರು ಕಟ್ಟುತ್ತೇವೆ ಅನ್ನುತ್ತಾರೆ. ಮೋಶೆ ಒಪ್ಪಿ, ಮಾತಿನ ಕ್ರಮ ಮಾತ್ರ ತಿರುಗಿಸುತ್ತಾನೆ: ಮಕ್ಕಳಿಗೆ ಊರು ಕಟ್ಟಿ, ಕುರಿಗಳಿಗೆ ದೊಡ್ಡಿ. ಹಳೆಯ ಯೆಹೂದಿ ವ್ಯಾಖ್ಯಾನಕಾರರು ಇದನ್ನು ಬಿಡದೆ ಹಿಡಿದಿದ್ದಾರೆ.

ನೆಲೆ ನಿಂತ ಮೇಲೂ ಈ ಜನ ಅಲೆದಾಟವನ್ನು ಮರೆಯಲಿಲ್ಲ. ಮೊದಲ ಬೆಳೆಯ ಬುಟ್ಟಿ ಒಪ್ಪಿಸುವ ಬೇಸಾಯಗಾರ ಹೇಳಬೇಕಾದ ಮಾತು ಧರ್ಮೋಪದೇಶಕಾಂಡದ 26ರಲ್ಲಿದೆ: ನನ್ನ ಪಿತೃ ಅಲೆಯುವ ಅರಾಮ್ಯನು. ಅಲೆಯುವ ಅನ್ನುವುದಕ್ಕೆ ಅಲ್ಲಿರುವ ಓವೇದ್ ಎಂಬ ಪದವನ್ನೇ 119ನೇ ಕೀರ್ತನೆಯ ಕೊನೆಯಲ್ಲಿ ದಾರಿ ತಪ್ಪಿದ ಕುರಿಗೆ ಬಳಸಿದ್ದಾರೆ. ಕೈಯಲ್ಲಿ ಹಣ್ಣಿನ ಬುಟ್ಟಿ, ಬಾಯಲ್ಲಿ ಮಂದೆಯಿಂದ ತಪ್ಪಿಹೋದ ಮುತ್ತಜ್ಜ.

ಕೊನೆಗೆ ನಿನಗೆ ಬಾಯಿಪಾಠ ಇರುವ 23ನೇ ಕೀರ್ತನೆ. ನಮ್ಮ ಕನ್ನಡ ಬೈಬಲಿನಲ್ಲಿ ಯೆಹೋವನು ನನಗೆ ಕುರುಬನು ಅಂತಲೇ ಇದೆ. ಕುರಿಗಾಹಿ, ಪಾಲಕ ಅಂತೆಲ್ಲ ಮೆರುಗು ಕೊಡದೆ ನಮ್ಮೂರ ಜನರ ಹೆಸರನ್ನೇ ಇಟ್ಟದ್ದು ನನಗೆ ಬಹಳ ಇಷ್ಟ. ಅಲ್ಲಿ ಶಾಂತವಾದ ನೀರಿನ ಬಳಿಗೆ ನಡೆಸುತ್ತಾನೆ ಎಂಬಲ್ಲಿನ ಹೀಬ್ರೂ ಕ್ರಿಯಾಪದ ಯೆನಹೇಲ್. ರಭಸದ ನೀರಿಗೆ ಕುರಿ ಬಾಯಿ ಹಾಕಲು ಅಳುಕುತ್ತದೆ, ಉಣ್ಣೆ ನೆನೆದರೆ ಮೈ ಭಾರವಾಗುತ್ತದೆ, ಅದಕ್ಕೆ ನಿಂತ ನೀರು. ಇದೇ ಕ್ರಿಯಾಪದವನ್ನು ಯಾಕೋಬ ಅಣ್ಣನ ಮುಂದೆ ಆಡಿದ್ದ: ನಾನು ಮೆಲ್ಲಗೆ ನಡೆಸಿಕೊಂಡು ಬರುತ್ತೇನೆ. ಹಾಲೂಡುತ್ತಿರುವವು ಅನ್ನಲು ಅವನು ಬಳಸಿದ ಪದ ಆಲೋತ್. ಈ ಎರಡೂ ಪದ ಒಂದೇ ಸಾಲಿನಲ್ಲಿ ಮತ್ತೆ ಸಿಗುವುದು ಪ್ರವಾದಿ ಯೆಶಾಯನ ಪುಸ್ತಕದ 40ನೇ ಅಧ್ಯಾಯದ 11ನೇ ವಚನದಲ್ಲಿ, ಬಾಬಿಲೋನಿಗೆ ಸೆರೆಹೋದ ಸಂಸಾರಗಳು ಊರಿಗೆ ಮರಳುವ ಮಾತು ಬರುವಲ್ಲಿ. ಮರಿಗಳನ್ನು ತೋಳಲ್ಲಿ ಎತ್ತಿ ಎದೆಗಪ್ಪಿಕೊಂಡ ಕುರುಬ, ಆಲೋತ್ ಯೆನಹೇಲ್, ಹಾಲೂಡುವವನ್ನು ಮೆಲ್ಲಗೆ ನಡೆಸುತ್ತಾನೆ.

ಆ ಮೂರು ಕಡೆಯೂ ಪೆನ್ಸಿಲಿನಲ್ಲಿ ಗುರುತು ಹಾಕಿಕೋ. ಮೊದಲು ಯಾಕೋಬ, ಆಮೇಲೆ ಕೀರ್ತನೆ, ಕೊನೆಗೆ ಯೆಶಾಯ, ಈ ಕ್ರಮದಲ್ಲಿ ಓದು. ಓದಿದ ಮೇಲೆ ಬರಿ.

ಇಂತಿ ನಿನ್ನ,
ಅಮ್ಮ